ಸಾರು ಬಡಿಸಿದ ಕೈ, ಬಟವಾಡೆ ಬರೆದ ಕೈ

ಕೊಟ್ಟೂರಿನ ಒಂದು ಶೇಂಗಾ ಅಂಗಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವ ನಾನು. ಕೊಟ್ಟೂರೇಶ್ವರನ ತೇರಿಗೆ ಜನ ಊರೂರಿಂದ ನಡೆದು ಬರುತ್ತಾರೆ. ದಾರಿಯುದ್ದಕ್ಕೂ ಭಕ್ತರ ದಾಸೋಹ. ನಾನೂ ಸಾರು ಬಡಿಸಿದ್ದೇನೆ. ಒಂದು ವರ್ಷ ಪಂಕ್ತಿಯಲ್ಲಿ ಕೂತಿದ್ದಳು ನಮ್ಮಲ್ಲೇ ಶೇಂಗಾ ಹಸನು ಮಾಡುವ ಹೆಣ್ಣುಮಗಳು.

"ನಿನ್ನೆನಾ ಬಟವಾಡೆ ಆಗೇತಲ್ಲವ್ವಾ?" ಅಂದೆ.

"ಅಂಗಡಿ ಸಾಲಕ್ಕ ಹೋತ್ರಿ, ಅಣ್ಣಾರ. ಹುಡುಗ್ರಿಗೂ ಒಂದಿಷ್ಟು ಕಟ್ಟಿಕೊಡ್ರಿ."

ಆ ಬಟವಾಡೆ ಬರೆದದ್ದು ನನ್ನ ಕೈಯೇ.

ಅಮೆರಿಕದ ಬಾಲ್ಟಿಮೋರ್‌ನ ಪಾದ್ರಿಗಳೂ ಇದನ್ನೇ ಕಂಡರು: ಚರ್ಚಿನ ಪುಕ್ಕಟೆ ಊಟಕ್ಕೆ ನಿಂತವರಲ್ಲಿ ದಿನವೂ ದುಡಿಯುವವರಿದ್ದರು. ಬಡಿಸಿ ಸುಮ್ಮನಾಗದೆ, ಕಾರ್ಮಿಕ ಸಂಘದ ಜೊತೆ ಸೇರಿ ಹೋರಾಡಿದರು. ನಗರಾಡಳಿತದ ಗುತ್ತಿಗೆ ಕೆಲಸಗಾರರಿಗೆ ಬದುಕಲು ಸಾಕಾಗುವಷ್ಟು ಕೂಲಿ ಕೊಡಬೇಕೆಂಬ ಕಾನೂನು 1994ರಲ್ಲಿ ಬಂತು.

ನಮ್ಮ ಸಂವಿಧಾನದ 43ನೇ ವಿಧಿಯೂ ಅಂಥ ಕೂಲಿಯನ್ನೇ ಹೇಳುತ್ತದೆ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ಕೂಲಿಗೆ ಅಳತೆಯನ್ನೂ ಹಾಕಿತ್ತು: ಆಳಿಗೆ ದಿನಕ್ಕೆ 2,700 ಕ್ಯಾಲೊರಿ ಊಟ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು. ಮಕ್ಕಳ ಓದು, ಔಷಧಿಯನ್ನು ಸುಪ್ರೀಂ ಕೋರ್ಟು ಆಮೇಲೆ ಸೇರಿಸಿತು.

ಶರಣರಿಗೆ ಕಾಯಕವಿಲ್ಲದ ದಾಸೋಹವಿರಲಿಲ್ಲ. ಗಂಡ ಮಾರಯ್ಯ ಹೆಚ್ಚಿಗೆ ತಂದ ಅಕ್ಕಿಯನ್ನು ವಾಪಸು ಸುರಿದು ಬಾ ಎಂದವಳು ಆಯ್ದಕ್ಕಿ ಲಕ್ಕಮ್ಮ. ಪ್ರವಚನಗಳಲ್ಲಿ ಈ ಕಥೆಯನ್ನು ಬಡವರಿಗೇ ಹೇಳುತ್ತೇವೆ. ಧಣಿಗಳಿಗೆ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಮುಂದಿನ ತೇರಿಗೆ ಅಕ್ಕಿ ಮೂಟೆ ಕಳಿಸುವ ಸಾವ್ಕಾರರೇ, ಅದಕ್ಕೂ ಮೊದಲು ನಿಮ್ಮ ಬಟವಾಡೆ ಪುಸ್ತಕ ಒಮ್ಮೆ ತೆರೆದು ನೋಡಿ.