ಕೇಬಲ್ ತೆಗೆಸಿ ನೆಟ್ ಟಿವಿ ಹಾಕಿಸ್ತೀರಾ? ಮೊದಲು ಇದನ್ನ ತಿಳ್ಕೊಳ್ಳಿ

ತಿಂಗಳ ಮೊದಲ ವಾರ ಕೇಬಲ್ ದುಡ್ಡಿಗೆ ಬರುವ ಹುಡುಗರಿಗೆ ಈಗ ಹಲವು ಮನೆಗಳಲ್ಲಿ ಸಿಗೋ ಉತ್ತರ ಒಂದೇ: 'ಬೇಡಪ್ಪ, ಫೈಬರ್ ಹಾಕ್ಸಿದೀವಿ, ಟಿವಿನೂ ಅದ್ರಲ್ಲೇ ಬರುತ್ತೆ.' ಡಿಶ್ ಕಥೆಯೂ ಅಷ್ಟೇ. ಟ್ರಾಯ್ ಲೆಕ್ಕದ ಪ್ರಕಾರ ದೇಶದಲ್ಲಿ ದುಡ್ಡು ಕಟ್ಟುವ ಡಿಟಿಎಚ್ ಗ್ರಾಹಕರು 2024ರ ಮಾರ್ಚ್‌ನಲ್ಲಿ ಸುಮಾರು 6.2 ಕೋಟಿ ಇದ್ದರು, ಒಂದೇ ವರ್ಷದಲ್ಲಿ 5.7 ಕೋಟಿಗೆ ಇಳಿದರು.

ಕೇಬಲ್, ಡಿಶ್ ಎರಡೂ ಒನ್‌ ವೇ. ಎಲ್ಲ ಚಾನೆಲ್‌ಗಳೂ ಎಲ್ಲರ ಮನೆಗೂ ಬಂದು ನಿಂತಿರುತ್ತವೆ, ದುಡ್ಡು ಕಟ್ಟಿದ್ದನ್ನಷ್ಟೇ ಸೆಟ್‌ಟಾಪ್ ಬಾಕ್ಸ್ ತೆರೆದು ತೋರಿಸುತ್ತೆ. ಒಂದು ಮನೆ ನೋಡಲಿ, ಸಾವಿರ ಮನೆ ನೋಡಲಿ, ಕಳಿಸುವವರಿಗೆ ಹೊರೆ ಒಂದೇ. ಓಟಿಟಿ ಆ್ಯಪ್ ಹಾಗಲ್ಲ. ನೀವು ಒತ್ತಿದ ಮೇಲೆ ಸರ್ವರ್‌ಗೆ ಬೇಡಿಕೆ ಹೋಗಿ, ಅಲ್ಲಿಂದ ನಿಮಗೇ ಅಂತ ಒಂದು ಪ್ರತಿ ತುಂಡು ತುಂಡಾಗಿ ಹೊರಡುತ್ತೆ. ಅದಕ್ಕೇ ಕೇಬಲ್ ಇರೋ ಪಕ್ಕದ ಮನೇಲಿ 'ಸಿಕ್ಸ್' ಅಂತ ಕೂಗಿದ್ರೂ ನಿಮ್ಮ ಮೊಬೈಲಲ್ಲಿ ಬೌಲರ್ ಇನ್ನೂ ಓಡ್ತಾ ಇರ್ತಾನೆ. ಏನು ನೋಡಿದ್ರಿ, ಎಲ್ಲಿ ನಿಲ್ಲಿಸಿದ್ರಿ ಅನ್ನೋದೂ ಆ ಕಡೆ ದಾಖಲಾಗುತ್ತೆ.

ಡೇಟಾ ಲೆಕ್ಕ ಹಾಕಿ. ಎಚ್‌ಡಿಯಲ್ಲಿ ಒಂದು ಗಂಟೆ ನೋಡಿದರೆ ಒಂದೂವರೆಯಿಂದ ಮೂರು ಜಿಬಿ ಹೋಗುತ್ತೆ. ದಿನಕ್ಕೆ ಎರಡು ಜಿಬಿ ಪ್ಯಾಕ್ ಹಾಕಿಸಿ ಹಾಟ್‌ಸ್ಪಾಟ್‌ನಲ್ಲಿ ಟಿವಿ ನೋಡ್ತೀನಿ ಅಂದ್ರೆ ಎರಡು ಧಾರಾವಾಹಿಗೇ ಮುಗೀತು. ಬಿಎಸ್‌ಎನ್‌ಎಲ್ 2024ರಲ್ಲಿ ಶುರು ಮಾಡಿದ ಫೈಬರ್ ಟಿವಿಯಲ್ಲಿ ಚಾನೆಲ್‌ಗಳು ಇಂಟರ್ನೆಟ್ ಡೇಟಾ ತಿನ್ನೋದಿಲ್ಲ, ಆದರೆ ಅದಕ್ಕೆ ಅವರದೇ ಫೈಬರ್ ಬೇಕು.

ಹೋಟೆಲ್, ಸಲೂನ್ ಇಟ್ಟವರು ಒಂದು ಗಮನಿಸಬೇಕು. ಓಟಿಟಿ ಪ್ಲಾನ್‌ಗಳ ಷರತ್ತಿನಲ್ಲಿ ಸಾಮಾನ್ಯವಾಗಿ 'ವೈಯಕ್ತಿಕ ಬಳಕೆಗೆ ಮಾತ್ರ' ಅಂತಿರುತ್ತೆ. ಮನೆ ಅಕೌಂಟ್ ತಂದು ಗಿರಾಕಿಗಳಿಗೆ ಮ್ಯಾಚ್ ಹಾಕೋದು ಆ ಷರತ್ತಿಗೆ ವಿರುದ್ಧ. ಹೆಚ್ಚಿನವರು ಇದನ್ನ ಓದೇ ಇರಲ್ಲ.

ಇನ್ನು ಸಿಮ್ಮೂ ಬೇಡ, ಡೇಟಾನೂ ಬೇಡ, ಟವರ್‌ನಿಂದ ನೇರ ಮೊಬೈಲ್‌ಗೇ ಟಿವಿ ಅನ್ನೋ 'ಡೈರೆಕ್ಟ್ ಟು ಮೊಬೈಲ್' ಸುದ್ದಿ. ಪ್ರಸಾರ ಭಾರತಿ, ಐಐಟಿ ಕಾನ್ಪುರ ಮತ್ತು ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಸೇರಿ ಮಾಡಿದ ಕೆಲಸ ಇದು, ಬೆಂಗಳೂರಲ್ಲೂ ಪ್ರಯೋಗ ಆಗಿದೆ. ಅದು ಹಳೇ ಆಂಟೆನಾ ಟಿವಿಯ ಮೊಮ್ಮಗ ಇದ್ದಂಗೆ. ಸಿಗ್ನಲ್ ಒಂದೇ, ಎಷ್ಟು ಜನ ನೋಡಿದ್ರೂ ನೆಟ್ವರ್ಕ್ ಜಾಮ್ ಆಗಲ್ಲ. ಆದರೆ ಫೋನ್ ಒಳಗೆ ಅದಕ್ಕೇ ಬೇರೆ ಚಿಪ್ ಬೇಕು, ಸದ್ಯ ಜನರ ಕೈಲಿರೋ ಫೋನ್‌ಗಳಲ್ಲಿ ಅದಿಲ್ಲ.

ಕೇಬಲ್ ಆಪರೇಟರ್‌ಗಳಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಕಂಬದಿಂದ ಕಂಬಕ್ಕೆ ದಾರಿ, ಮನೆಮನೆ ಪರಿಚಯ ಅವರ ಕೈಲಿದೆ. ಆ ಧೈರ್ಯದ ಮೇಲೆ ಕೆಲವರು ತಾವೇ ಬ್ರಾಡ್‌ಬ್ಯಾಂಡ್ ಕೊಡೋಕೆ ಇಳಿದಿದ್ದಾರೆ. ನಿಮ್ಮ ಬೀದಿಯವರು ಕೊಡ್ತಾರಾ ಅಂತ ಒಮ್ಮೆ ಕೇಳಿ. ಲೈನ್ ಕಟ್ಟಾದಾಗ ಟೋಲ್ ಫ್ರೀ ನಂಬರ್‌ಗಿಂತ ಮೊದಲು ಬರೋದು ಅವರೇ.

ಕರೆಂಟ್ ವಿಷಯ ಬಿಟ್ಟೇಹೋಗಿತ್ತು. ಟಿವಿ ಮಾತ್ರ ಯುಪಿಎಸ್ ಮೇಲಿದ್ರೆ ಸಾಲದು, ರೂಟರ್ ಆಫ್ ಆದ್ರೆ ಚಾನೆಲ್ಲೂ ಆಫ್. ಫೈಬರ್ ಹಾಕಿಸುವಾಗಲೇ ಆ ಡಬ್ಬಕ್ಕೂ ಯುಪಿಎಸ್ ಲೈನಿನ ಪ್ಲಗ್ ಪಾಯಿಂಟ್ ಬಿಡಿಸಿಕೊಳ್ಳಿ.