ಉಲ್ಕೆಯ ಎತ್ತರ: ಎರಡು ನೆಲೆಗಳ ಛಾಯಾಗ್ರಹಣ

ಬೈಕುಲ್ಲಾದ ಕಟ್ಟಡವೊಂದರ ತಾರಸಿಯಿಂದ ಡಿಸೆಂಬರಿನ ಇರುಳಿನಲ್ಲಿ ಉಲ್ಕೆಯೊಂದನ್ನು ಕಂಡವನಿಗೆ ಅದು ರಾಣಿಬಾಗ್‌ನ ಮರಗಳ ಆಚೆಗೇ ಬಿದ್ದಂತೆ ತೋರುತ್ತದೆ. ಸಂಸ್ಕೃತದಲ್ಲಿ ಉಲ್ಕೆಯೆಂದರೆ ಕೊಳ್ಳಿ, ಪಂಜು ಎಂಬ ಅರ್ಥವೂ ಉಂಟು. ಹೆಸರಿಟ್ಟವರೂ ಅದನ್ನು ಸಮೀಪದ ವಸ್ತುವೆಂದೇ ಭಾವಿಸಿದ್ದರೇನೋ. ವಾಸ್ತವದಲ್ಲಿ ಅದು ಉರಿಯುವುದು ನೆಲದಿಂದ ಸುಮಾರು 100 ಕಿಲೋಮೀಟರ್ ಮೇಲೆ. ಆದರೆ ಒಂದೇ ಕಡೆ ನಿಂತವನಿಗೆ, ಕೈಯಲ್ಲಿ ಎಂತಹ ಕ್ಯಾಮೆರಾ ಇದ್ದರೂ, ದಿಕ್ಕು ತಿಳಿಯುತ್ತದೆಯೇ ಹೊರತು ದೂರ ತಿಳಿಯದು.

ಮುಖದ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ, ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿತ್ತ ಸರಿಯುತ್ತದೆ. ಇಲ್ಲಿ ಉಲ್ಕೆಯೇ ಬೆರಳು, ನಕ್ಷತ್ರಗಳೇ ಗೋಡೆ. 1798ರಲ್ಲಿ ಜರ್ಮನಿಯ ಗಾಟಿಂಗೆನ್ನಿನ ವಿದ್ಯಾರ್ಥಿಗಳಾದ ಬ್ರಾಂಡೆಸ್ ಮತ್ತು ಬೆಂಜೆನ್‌ಬರ್ಗ್ ಹಲವು ಕಿಲೋಮೀಟರ್ ಅಂತರದ ಎರಡು ಎಡೆಗಳಲ್ಲಿ ಕುಳಿತು, ಬರಿಗಣ್ಣಿನಿಂದಲೇ ಈ ಸರಿತವನ್ನು ಗುರುತಿಸಿ ಉಲ್ಕೆಗಳ ಎತ್ತರವನ್ನು ಲೆಕ್ಕಹಾಕಿದರು. ಕಣ್ಣಿನ ನೆನಪಿಗಿಂತ ಛಾಯಾಚಿತ್ರದ ಸಾಕ್ಷ್ಯ ಖಚಿತವಾದುದೆಂದು ಬೇರೆ ಹೇಳಬೇಕಾಗಿಲ್ಲ.

ಬೈಕುಲ್ಲಾದಿಂದ ಕರ್ಜತ್ ಮಾರ್ಗದ ವಾಂಗಣಿಗೆ ನೇರ ಗೆರೆಯಲ್ಲಿ ಸುಮಾರು 50 ಕಿಲೋಮೀಟರ್. ಎರಡೂ ಕಡೆ ಕ್ಯಾಮೆರಾ ಇಟ್ಟೆವೆನ್ನೋಣ. ಅವನ್ನು ಒಂದೇ ದಿಕ್ಕಿಗೆ ತಿರುಗಿಸಿದರಾಗದು. ನಡುವಣ ನೆಲದ ಮೇಲೆ 100 ಕಿಲೋಮೀಟರ್ ಎತ್ತರದ ಒಂದೇ ಬಿಂದುವಿಗೆ ಗುರಿಯಿಡಬೇಕು. ಆಗ ಒಂದೇ ಉಲ್ಕೆಯ ಜಾಡು ಎರಡು ಚಿತ್ರಗಳಲ್ಲಿ ನಕ್ಷತ್ರಗಳ ನಡುವೆ ಸುಮಾರು 28 ಅಂಶ ಸರಿದಿರುತ್ತದೆ. ಎತ್ತರ ಈ ಕೋನದಿಂದಲೇ ಹೊರಡುತ್ತದೆ. ಎರಡೂ ಗಡಿಯಾರಗಳು ಹೊಂದಿಕೊಂಡಿರಬೇಕು, ಇಲ್ಲದಿದ್ದರೆ ಇದು ಅದೇ ಉಲ್ಕೆಯೆಂದು ಹೇಳುವುದು ಹೇಗೆ? ಮಸೂರದ ಮುಂದೆ ತಿರುಗುವ ಅಲಗು ಜಾಡನ್ನು ನಿಯತ ಕಾಲಾಂತರದಲ್ಲಿ ತುಂಡರಿಸಿದರೆ, ಆ ತುಂಡುಗಳ ಉದ್ದದಿಂದ ವೇಗವೂ ಸಿಗುತ್ತದೆ. ಆಗಸ್ಟಿನ ಪರ್ಸಿಯಿಡ್ ಉಲ್ಕೆಗಳನ್ನು ನಮ್ಮ ಮಳೆಗಾಲ ನುಂಗಿಬಿಡುತ್ತದೆ. ಡಿಸೆಂಬರ್ 14ರ ಸುಮಾರಿನ ಜೆಮಿನಿಡ್‌ಗಳೇ ಮುಂಬಯಿಯವರಿಗೆ ಗತಿ. ಅಲ್ಲಿಯೂ ನಗರದ ಬೆಳಕಿನಲ್ಲಿ ಬೈಕುಲ್ಲಾದ ಕ್ಯಾಮೆರಾಕ್ಕೆ ದಕ್ಕುವುದು ತೀರ ಪ್ರಕಾಶಮಾನವಾದವು ಮಾತ್ರ.

ಎತ್ತರ, ದಿಕ್ಕು, ವೇಗ ದೊರೆತರೆ ಉಲ್ಕೆ ಸೂರ್ಯನನ್ನು ಸುತ್ತುತ್ತಿದ್ದ ಕಕ್ಷೆಯೂ ದೊರೆಯುತ್ತದೆ. 1959ರ ಏಪ್ರಿಲ್ 7ರಂದು ಅಂದಿನ ಚೆಕೊಸ್ಲೊವಾಕಿಯದಲ್ಲಿ ಎರಡು ನೆಲೆಗಳ ಕ್ಯಾಮೆರಾಗಳು ಉರಿಗೋಳವೊಂದನ್ನು ಹಿಡಿದವು. ಲೆಕ್ಕ ತೋರಿದ ಕಡೆ, ಪ್ರಿಬ್ರಾಮ್ ಬಳಿ, ಅದರ ಕಲ್ಲುಗಳು ಸಿಕ್ಕವು; ಮಂಗಳ ಮತ್ತು ಗುರುಗಳ ನಡುವಣ ಕ್ಷುದ್ರಗ್ರಹಗಳ ವಲಯದವರೆಗೆ ಅದರ ಕಕ್ಷೆ ಚಾಚಿತ್ತು. 1976ರ ಜನವರಿ 28ರ ರಾತ್ರಿ ಗುಜರಾತಿನ ಧಜಾಲಾದಲ್ಲಿ ಕಲ್ಲುಗಳು ಉದುರಿದಾಗ ಅಂತಹ ಜೋಡಿ ಚಿತ್ರ ಇರಲಿಲ್ಲ. ಉರಿಗೋಳವನ್ನು ಕಂಡ ಜನರನ್ನು ಕೇಳಿ, ಅವರ ನೆನಪುಗಳನ್ನು ತಾಳೆನೋಡಿ ವಿಜ್ಞಾನಿಗಳು ಅದರ ಕಕ್ಷೆಯನ್ನು ಊಹಿಸಬೇಕಾಯಿತು.