ಮನೆಗೆಲಸದ ಸ್ತ್ರೀಯರೂ 2013ರ ಶಾಸನವೂ

ಉದ್ಯೋಗಸ್ಥಳವೆಂದೊಡನೆ ಕಚೇರಿಯೋ ಕಾರ್ಖಾನೆಯೋ ನೆನಪಿಗೆ ಬರುವುದು ಸಹಜ. ಆದರೆ ನಮ್ಮ ದೇಶದ ದುಡಿಯುವ ಸ್ತ್ರೀಯರಲ್ಲಿ ಬಹುಪಾಲು ಮಂದಿ ಹೊಲಗದ್ದೆ, ಕಟ್ಟಡದ ಕೆಲಸ, ಬೀಡಿ ಕಟ್ಟುವುದು, ಮನೆಗೆಲಸ ಮೊದಲಾದ ಅಸಂಘಟಿತ ವೃತ್ತಿಗಳನ್ನು ಅವಲಂಬಿಸಿದವರು. ಇವರಲ್ಲಿ ಹೆಚ್ಚಿನವರಿಗೆ ನೇಮಕದ ಪತ್ರವಿಲ್ಲ, ಹಾಜರಿ ಪುಸ್ತಕವಿಲ್ಲ; ಕೆಲಸ ಕೊಡುವುದೂ ಬಿಡಿಸುವುದೂ ಒಬ್ಬರ ಬಾಯಿಮಾತಿನಲ್ಲಿರುತ್ತದೆ. ಇಂಥವರು ಲೈಂಗಿಕ ದೌರ್ಜನ್ಯಕ್ಕೆ ಗುರಿಯಾದಾಗ ಶಾಸನವು ಎಷ್ಟರಮಟ್ಟಿಗೆ ಆಸರೆಯಾಗಬಲ್ಲುದೆಂಬುದನ್ನು, ಮನೆಗೆಲಸದವರನ್ನು ಮುಖ್ಯವಾಗಿಟ್ಟುಕೊಂಡು, ಇಲ್ಲಿ ವಿಚಾರಿಸುತ್ತೇವೆ.

ಮೊದಲು ಶಾಸನದ ಪೂರ್ವೇತಿಹಾಸವನ್ನು ನೋಡೋಣ. ರಾಜಸ್ಥಾನದ ಭಟೇರಿ ಗ್ರಾಮದ ಭನ್ವರಿ ದೇವಿಯವರು ಅಲ್ಪ ಗೌರವಧನಕ್ಕೆ ಸರ್ಕಾರದ ಸ್ತ್ರೀಅಭಿವೃದ್ಧಿ ಕಾರ್ಯಕ್ರಮದಲ್ಲಿ ದುಡಿಯುತ್ತಿದ್ದರು. ಬಾಲ್ಯವಿವಾಹವೊಂದನ್ನು ತಡೆಯಲು ಯತ್ನಿಸಿದ ಕಾರಣ 1992ರಲ್ಲಿ ಅವರು ಸಾಮೂಹಿಕ ಅತ್ಯಾಚಾರಕ್ಕೆ ಗುರಿಯಾದರು. ಈ ಘಟನೆಯ ಹಿನ್ನೆಲೆಯಲ್ಲಿ ಸ್ತ್ರೀಸಂಘಟನೆಗಳು ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 1997ರಲ್ಲಿ ವಿಶಾಖಾ ತೀರ್ಪನ್ನು ನೀಡಿತು. 2013ರ ಶಾಸನಕ್ಕೆ ಅದೇ ತಳಹದಿ. ಹೀಗಿದ್ದರೂ 1995ರಲ್ಲಿ ಕೆಳಗಿನ ನ್ಯಾಯಾಲಯವು ಅತ್ಯಾಚಾರದ ಆರೋಪದಿಂದ ಆಪಾದಿತರನ್ನು ಬಿಡುಗಡೆ ಮಾಡಿತ್ತೆಂಬುದನ್ನೂ ಮರೆಯಲಾಗದು. ಒಟ್ಟಿನಲ್ಲಿ ಈ ಶಾಸನದ ಮೂಲದಲ್ಲಿರುವವರು ಕಚೇರಿಯ ನೌಕರರಲ್ಲ, ಹಳ್ಳಿಯ ಒಬ್ಬ ಶ್ರಮಜೀವಿ ಸ್ತ್ರೀ.

ಕರ್ನಾಟಕವು 2004ರಲ್ಲಿಯೇ ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ಗೊತ್ತುಪಡಿಸಿತ್ತು. ಆದರೂ 2010ರ ಕೇಂದ್ರ ಮಸೂದೆಯು ಮನೆಗೆಲಸದವರನ್ನು ಹೊರಗಿಟ್ಟಿತ್ತು. ಆಕ್ಷೇಪಗಳ ತರುವಾಯ 2013ರ ಶಾಸನವು ವಾಸದ ಮನೆಯನ್ನೂ ಉದ್ಯೋಗಸ್ಥಳವೆಂದು ಅಂಗೀಕರಿಸಿತು. ಹತ್ತು ಮಂದಿಗಿಂತ ಕಡಮೆ ಕೆಲಸಗಾರರಿರುವಲ್ಲಿ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದಲ್ಲಿ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಸಲ್ಲಬೇಕು. ತಾಲ್ಲೂಕಿನಲ್ಲಿ ದೂರು ಸ್ವೀಕರಿಸಲು ನೇಮಕವಾದ ಅಧಿಕಾರಿಯು ಅದನ್ನು 7 ದಿನಗಳೊಳಗೆ ಸಮಿತಿಗೆ ಕಳುಹಿಸತಕ್ಕದ್ದು. ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಬೇಕು. ಸಕಾರಣವಿದ್ದರೆ ಇನ್ನೂ 3 ತಿಂಗಳ ಅವಕಾಶವುಂಟು.

ತೊಡಕು ಕಾಣುವುದು ಇದರ ಮುಂದೆ. ಕಚೇರಿಯ ಸ್ತ್ರೀಯ ದೂರನ್ನು ಸಮಿತಿಯೇ ವಿಚಾರಿಸುತ್ತದೆ. ವಿಚಾರಣೆ ಮುಗಿಯುವವರೆಗೆ ಆಕೆಗೆ ವರ್ಗಾವಣೆಯನ್ನಾಗಲಿ, 3 ತಿಂಗಳವರೆಗಿನ ರಜೆಯನ್ನಾಗಲಿ ಶಿಫಾರಸು ಮಾಡಬಹುದು. ಮನೆಗೆಲಸದವಳ ದೂರಿನಲ್ಲಿ ಮೇಲ್ನೋಟಕ್ಕೆ ಸತ್ಯಾಂಶ ಕಂಡರೆ, ರಾಜಿಯಾಗದ ಪಕ್ಷದಲ್ಲಿ, ಸಮಿತಿಯು ಅದನ್ನು 7 ದಿನಗಳೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಅಪರಾಧವನ್ನು ಅಪರಾಧವೆಂದೇ ಎಣಿಸುವ ದೃಷ್ಟಿಯಿಂದ ಇದು ಯುಕ್ತವೆಂದು ತೋರಬಹುದು. ಆದರೆ ಮನೆಗೆಲಸವು ಒಂದು ಮನೆಯವರ ಮಾತಿನಿಂದ ಇನ್ನೊಂದು ಮನೆಯಲ್ಲಿ ಸಿಗುವಂಥದು. ಮನೆಯೊಡೆಯನ ಮೇಲೆ ಪೊಲೀಸರಲ್ಲಿ ದೂರಿತ್ತವಳಿಗೆ ಆ ಬೀದಿಯೇ ಮುಚ್ಚಿಹೋಗುವ ಸಂಭವವುಂಟು. ಕಳವಿನ ಅಪವಾದದ ಭಯ ಬೇರೆ. ನಾಲ್ಕು ಗೋಡೆಗಳೊಳಗಿನ ಘಟನೆಗೆ ಸಾಕ್ಷಿಯೂ ದುರ್ಲಭ. ಅಂತೂ ರಾಜಿ, ಪೊಲೀಸು, ಮೌನ ಇವುಗಳ ಹೊರತು ಆಕೆಗೆ ಬೇರೆ ದಾರಿ ಉಳಿಯುವುದಿಲ್ಲ.

ಆದಕಾರಣ ಮನೆಗೆಲಸದವಳು ಬಯಸಿದಲ್ಲಿ ಸಮಿತಿಯೇ ವಿಚಾರಣೆ ನಡೆಸಿ ಪರಿಹಾರ ಕೊಡಿಸುವಂತೆ ಶಾಸನವು ತಿದ್ದುಪಡಿಯಾಗಬೇಕೆಂಬುದು ನಮ್ಮ ಅಭಿಪ್ರಾಯ. ಅದು ಶಾಸನಕರ್ತರ ಕೆಲಸ. ನಮ್ಮ ಕೈಲಾಗುವುದೂ ಒಂದುಂಟು: ತಮ್ಮ ತಾಲ್ಲೂಕಿನಲ್ಲಿ ಈ ದೂರುಗಳನ್ನು ಸ್ವೀಕರಿಸುವ ಅಧಿಕಾರಿ ಯಾರೆಂಬುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ವಿಚಾರಿಸಿ, ತನ್ನ ಮನೆಗೆ ಕೆಲಸಕ್ಕೆ ಬರುವವಳಿಗೆ ತಿಳಿಸಲಿ.